ಎಡಗೈಯಲ್ಲಿದ್ದ ಕೋಲು

ಬಿಸಿನೀರು, ಸೀಗೆಪುಡಿ, ಒಲೆಯ ಬೂದಿ ಎಲ್ಲ ಆಯಿತು. ಸತ್ತ ಗಂಡನ ಬೆರಳಿನ ಮಸಿ ಮಾತ್ರ ಹೋಗಲಿಲ್ಲ. ವಿಶಾಲಾಕ್ಷಮ್ಮ ಹಳೆಯ ಬಟ್ಟೆಯ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮತ್ತೆ ಉಜ್ಜಲು ಕೂತಳು. ನಿನ್ನೆ ಸಂಜೆಯೇ ಗೋಡೆಗೊರಗಿಸಿ ಪದ್ಮಾಸನ ಹಾಕಿಸಿ ಕೂರಿಸಿದ್ದ ದೇಹ ಈಗ ಹಾಗೆಯೇ ಸೆಟೆದುಕೊಂಡಿತ್ತು. ತಲೆ ವಾಲದಿರಲೆಂದು ಹಣೆಗೆ ಬಿಳಿ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಬೆರಳು ಬಿಡಿಸಬೇಕಾದರೆ ಒಂದೊಂದನ್ನೇ ಹಿಡಿದು ಎಳೆಯಬೇಕಾಗಿತ್ತು.

"ಬಿಡೇ ವಿಶಾಲೂ, ಸಾಕು," ಎಂದಳು ಪಕ್ಕದ ಮನೆಯ ಮಹಾದೇವಮ್ಮ. "ಜನ್ಮ ಎಲ್ಲಾ ಮಸಿ ಮೆತ್ಕೊಂಡಿದ್ದ ಕೈ ಅದು. ಇವತ್ತು ಬೆಳ್ಳಗೆ ಮಾಡಿ ಕಳಿಸಿದ್ರೆ ಶಿವನಿಗೂ ಗುರುತು ಸಿಕ್ಕಲ್ಲ."

"ಇದು ಹಳೇ ಮಸಿ ಅಲ್ಲ ಅಕ್ಕಯ್ಯ. ಹಸಿ ಮಸಿ."

ಮಹಾದೇವಮ್ಮನಿಗೆ ಅದರಲ್ಲಿ ಏನು ಹೆಚ್ಚು ಕಡಿಮೆಯೆಂದು ತಿಳಿಯಲಿಲ್ಲ. ಹೇಳಿದವಳ ಕೈ ಮಾತ್ರ ಅಲ್ಲಿಗೇ ನಿಂತಿತು. ಬೆರಳಿಗೆ ಹಸಿ ಮಸಿ ಹತ್ತಿದೆ ಎಂದರೆ ಮರದ ಅಚ್ಚಿಗೆ ಮಸಿ ಬಳಿದಾಗಿತ್ತು. ಮಸಿ ಬಳಿದಿದ್ದರೆ ಕೆತ್ತನೆ ಮುಗಿದಿತ್ತು. ಕಾಗದ ತೆಗೆದುಕೊಳ್ಳಲು ಎದ್ದಾಗಲೇ ಮರುಳಸಿದ್ದಪ್ಪ ಬಿದ್ದಿರಬೇಕು. ಹಿತ್ತಲಿನಲ್ಲಿ ನೀರು ಸೇದುತ್ತಿದ್ದವಳು ದಪ್ಪೆಂಬ ಸದ್ದು ಕೇಳಿ ಓಡಿ ಬಂದಾಗ ನೆಲದ ಮೇಲೆ ಹಾಳೆಗಳು ಚೆಲ್ಲಾಡಿದ್ದವು, ಅವುಗಳ ಮೇಲೆ ಗಂಡ ಬೋರಲು ಬಿದ್ದಿದ್ದ. ಆ ಗಾಬರಿಯಲ್ಲಿ ಕೆಲಸದ ಮಣೆಯ ಮೇಲೆ ಏನಿದೆಯೆಂದು ನೋಡುವವರು ಯಾರು?

ಇವತ್ತು ಶನಿವಾರ, ಊರಿನ ಸಂತೆ. ಆ ಅಚ್ಚಿನಿಂದ ಒತ್ತಿದ ಚಿತ್ರ ಇವತ್ತು ಬೆಳಗಾಗುವಷ್ಟರಲ್ಲಿ ಸಂತೆಯ ಗೋಡೆಗೆ ಹತ್ತಬೇಕಾಗಿತ್ತು. ಜವರಪ್ಪನೆಂಬ ಗಾಡಿ ಹೊಡೆಯುವವನಿಗೆ, ಅವನ ಹೋದ ಮಾನ ತಿರುಗಿ ಕೊಡಿಸುತ್ತೇನೆಂದು ಮರುಳಸಿದ್ದಪ್ಪ ಕೊಟ್ಟ ಮಾತು ಅದು. ಮಾತು ಕೊಟ್ಟವನು ಹಣೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ.

ವಿಶಾಲಾಕ್ಷಮ್ಮ ಎದ್ದು ಪಡಸಾಲೆಗೆ ಬಂದಳು. ಬರುವಷ್ಟರಲ್ಲಿ ತಡವಾಗಿತ್ತು.

ಹೆಣ ಕೂರಿಸಿ ಹೊರುವ ವಿಮಾನ ಕಟ್ಟಲು ಬಾಳೆದಿಂಡು, ಹೂವು, ಹೊಸ ಬಿಳಿ ಪಂಚೆ ಎಲ್ಲವನ್ನೂ ಹೊರಿಸಿಕೊಂಡು ಪರಮೇಶಪ್ಪ ಬಂದಿದ್ದ. ಏಲಕ್ಕಿ ಮಂಡಿಯ ಸಾಹುಕಾರ, ಮರದ ಕಂಟ್ರಾಕ್ಟರು, ಈ ಮನೆಯ ಒಡೆಯನೂ ಅವನೇ. ಕೆಲಸದ ಮಣೆಯ ಮೇಲಿದ್ದ ಅಚ್ಚನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದ. ಬಲಗೈಯ ಬೆಳ್ಳಿ ಕಡಗ ಮಿಂಚುತ್ತಿತ್ತು. ಆ ದಪ್ಪ ಕಡಗ ಅವನ ಅಜ್ಜನ ಕಾಲದ್ದು, ಅಷ್ಟು ಭಾರದ್ದು ಸುತ್ತಿನ ಹೋಬಳಿಯಲ್ಲಿ ಇನ್ನೊಂದಿರಲಿಲ್ಲ.

"ನೋಡಿ ಇಲ್ಲಿ. ಬೆಂಕಿ ಜವರಪ್ಪನ ಚಿತ್ರ ಅಲ್ವಾ ಇದು? ಬಿದ್ದ ಎತ್ತು, ಎಡಗೈಲಿ ಕೋಲು. ಅದೇ ಇದು."

ಹೆಣ ನೋಡಲು ಬಂದವರೆಲ್ಲ ಕತ್ತು ಚಾಚಿದರು. ಮಸಿ ಬಳಿದ ಮರದಲ್ಲಿ ಸೂಕ್ಷ್ಮವಾದದ್ದೇನೂ ಕಾಣುವಂತಿರಲಿಲ್ಲ. ಎತ್ತಿನ ಬೆನ್ನು, ಎತ್ತಿದ ಕೋಲು, ಕೋಲು ಹಿಡಿದ ಎಡಗೈ ಇಷ್ಟು ಕಂಡಿತು, ಅಷ್ಟು ಸಾಕಾಗಿತ್ತು.

"ಅದೇ ಅದೇ," ಎಂದರು ಒಬ್ಬಿಬ್ಬರು.

"ಸಾಯೋ ಗಳಿಗೇಲೂ ಅದನ್ನೇ ಮುಂದೆ ಇಟ್ಕೊಂಡು ಕೂತಿದ್ರು ಅಂದ್ರೆ, ಮೂಕಪ್ರಾಣಿ ಮೇಲೆ ಎಂಥಾ ಮನಸ್ಸು ನೋಡಿ," ಎಂದ ಪರಮೇಶಪ್ಪ. ಅವನ ದನಿ ನಿಜವಾಗಿಯೂ ಸ್ವಲ್ಪ ಒದ್ದೆಯಾಗಿತ್ತು. "ಇದು ಅವರ ಜೊತೇಲೇ ಹೋಗ್ಬೇಕು. ವಿಮಾನದ ಮುಂದೆ ಹಾರ ಹಾಕಿ ಇಡೋಣ. ಆಮೇಲೆ ಅವರ ಮಡಿಲಲ್ಲೇ ಇಟ್ಟು ಮಣ್ಣು ಮಾಡೋಣ."

ಎಲ್ಲರೂ ತಲೆದೂಗಿದರು. ಅದು ಆ ಅಚ್ಚಲ್ಲ ಎಂಬ ಮಾತು ವಿಶಾಲಾಕ್ಷಮ್ಮನ ನಾಲಗೆಯವರೆಗೆ ಬಂತು. ಅಷ್ಟರಲ್ಲಿ ಪರಮೇಶಪ್ಪ ಅವಳ ಕಡೆ ತಿರುಗಿ ಕೈಮುಗಿದ.

"ತಾಯೀ, ಮನೆ ಗತಿ ಏನು ಅಂತ ಚಿಂತೆ ಮಾಡ್ಬೇಡಿ. ನಾನಿರೋ ತನಕ ನಿಮ್ಮನ್ನ ಇಲ್ಲಿಂದ ಏಳಿ ಅನ್ನೋರು ಯಾರೂ ಇಲ್ಲ."

ಬಂದ ಮಾತು ನಾಲಗೆಯಿಂದ ಹಿಂದಕ್ಕೆ ಹೋಯಿತು. "ಹ್ಞೂಂ," ಎಂದಳು. ಹಾಗೆ ಅಂದದ್ದಕ್ಕೆ ಅವಳಿಗೇ ಅವಳ ಮೇಲೆ ಹೇಸಿಗೆಯಾಯಿತು. ಆದರೂ ಅಂದಾಗಿತ್ತು.

* * *

ಅಚ್ಚಿನ ಸಿದ್ದಪ್ಪ ಎಂದರೆ ಶನಿವಾರಸಂತೆಯಿಂದ ಸೋಮವಾರಪೇಟೆಯವರೆಗೆ ತಿಳಿಯದವರು ಕಡಿಮೆ. ಕಾಫಿಪುಡಿ ಪೊಟ್ಟಣದ ಮೇಲಿನ ಹೂಬಳ್ಳಿ, ಬೀಡಿಕಟ್ಟಿನ ಗಿಣಿ, ಲಗ್ನಪತ್ರಿಕೆಯ ತಲೆಗೆ ಬರುವ ಬಸವಣ್ಣ ಎಲ್ಲ ಅವನ ಉಳಿಯಿಂದ ಎದ್ದು ಬಂದವು. ಶಿವನೆ ಮರದ ಹಲಗೆಯನ್ನು ನಯ ಮಾಡಿ ಅದರಲ್ಲಿ ಕೆತ್ತಿಕೊಡುತ್ತಿದ್ದ. ಸೋಮವಾರಪೇಟೆಯ ಪ್ರೆಸ್ಸಿನವರು ಅಚ್ಚೊತ್ತುತ್ತಿದ್ದರು. ಕೊಡಗು ರಾಜ್ಯಕ್ಕೆ ಮೊದಲ ಚುನಾವಣೆ ಬಂದಾಗ ಪರಮೇಶಪ್ಪ ಜೋಡೆತ್ತಿನ ಗುರುತು ಕೆತ್ತಿಸಿಕೊಂಡು ಹೋಗಿದ್ದ. "ಎತ್ತು ಚೆನ್ನಾಗಿ ಮೇದಂಗೆ ಕಾಣ್ತಾವಲ್ಲ ಸಿದ್ದಪ್ಪಾರೆ," ಎಂದು ಮೆಚ್ಚಿದ್ದಕ್ಕೆ, "ಇವು ಇನ್ನೂ ನಿಮ್ಮ ಗಾಡಿ ಎಳೆದಿಲ್ವಲ್ಲ," ಎಂದು ಮರುಳಸಿದ್ದಪ್ಪ ಹೇಳಿ ಇಬ್ಬರೂ ನಕ್ಕಿದ್ದರು.

ಅದೆಲ್ಲ ಹೊಟ್ಟೆಪಾಡಿನ ಕೆಲಸ. ಅವನ ಸಿಟ್ಟಿನ ಕೆಲಸ ಬೇರೆ ಇತ್ತು. ಸಂತೆಯಲ್ಲಿ ಕೋಳಿಗಳ ಕಾಲು ಕಟ್ಟಿ ತಲೆಕೆಳಗಾಗಿ ನೇತು ಹಾಕಿಕೊಂಡು ಹೋಗುವವರನ್ನು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಬೈಯುವ ಬಾಯಲ್ಲ ಅವನದು. ಮನೆಗೆ ಬಂದು ಕೆತ್ತುತ್ತಿದ್ದ: ರುಮಾಲು ಸುತ್ತಿದ ಕೋಳಿಗಳು ಹೆಗಲ ಮೇಲೆ ಬಿದಿರು ಹೊತ್ತು ನಡೆಯುತ್ತಿವೆ, ಬಿದಿರಿಗೆ ಊರಿನ ಗಂಡಸರು ಕಾಲು ಕಟ್ಟಿಸಿಕೊಂಡು ಜೋತಾಡುತ್ತಿದ್ದಾರೆ, ಒಬ್ಬನ ಕನ್ನಡಕ ಮೂಗಿನಿಂದ ಹಣೆಗೆ ಜಾರಿದೆ. ಅಚ್ಚೊತ್ತುವುದು ವಿಶಾಲಾಕ್ಷಮ್ಮನ ಪಾಲಿನ ಕೆಲಸ. ಬಟ್ಟೆಯ ಉಂಡೆಯಿಂದ ಮಸಿ ತಟ್ಟಿ, ಹಾಳೆ ಹಾಸಿ, ಮರದ ಸೌಟಿನ ಬೆನ್ನಿನಿಂದ ಮೂಲೆಯಿಂದ ಮೂಲೆಗೆ ಸುತ್ತು ಸುತ್ತಾಗಿ ತಿಕ್ಕಬೇಕು. ಸಂತೆಯ ದಿನ ಬೆಳಗಾಗುವ ಮುಂಚೆ ಅವನು ಗಂಜಿ ಹಚ್ಚಿ ಗೋಡೆಗೆ ಮೆತ್ತಿ ಬರುತ್ತಿದ್ದ.

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕಾದ ಮೇಲೆ ಕೋಳಿ ಕೊಂಡು ತಲೆಕೆಳಗಾಗಿಯೇ ಒಯ್ಯುತ್ತಿದ್ದರು.

"ನಗ್ತಾರೆ, ಅಷ್ಟೇ," ಎನ್ನುತ್ತಿದ್ದಳು ಅವಳು.

"ನಗ್ಲಿ ಬಿಡು. ಒಬ್ಬನಿಗಾದ್ರೂ ಮನೆಗೆ ಹೋದ ಮೇಲೆ ತುತ್ತು ಗಂಟಲಲ್ಲಿ ನಿಂತ್ರೆ ನನಗೆ ಸಾಕು."

ಹೋದ ವರ್ಷದ ಕಾಫಿ ಕುಯ್ಲಿನ ಹೊತ್ತಿನಲ್ಲಿ ಅವನು ಸೋಮವಾರಪೇಟೆಯಿಂದ ಬರುತ್ತಿದ್ದ. ದಾರಿಯ ಏರಿನಲ್ಲಿ ಜವರಪ್ಪನ ಗಾಡಿ ನಿಂತಿತ್ತು. ಜವರಪ್ಪ ಹಾಸನದ ಸೀಮೆಯಿಂದ ಕುಶಾಲನಗರದ ಕಡೆಗೆ ಬಂದು ನೆಲೆಸಿದವನು, ಬಾಡಿಗೆಗೆ ಗಾಡಿ ಹೊಡೆಯುವವನು, ಹುಟ್ಟು ಎಡಚ. ಗಾಡಿಯ ಮೇಲೆ ಪರಮೇಶಪ್ಪನ ತೊಲೆಗಳು, ಮೂರು ಜೋಡಿ ಎತ್ತಿಗೂ ಹೆಚ್ಚಾಗುವಷ್ಟು. ಎತ್ತುಗಳಲ್ಲಿ ಕಾಳನೆಂಬುದು ಮೊಣಕಾಲೂರಿ ಕುಸಿದಿತ್ತು. ಹಿಂದಿನ ಗಾಡಿಯಲ್ಲಿದ್ದ ಪರಮೇಶಪ್ಪ ಇಳಿದು ಬಂದು, ತುದಿಗೆ ಮೊಳೆ ಹೊಡೆದ ಕೋಲಿನಿಂದ ಚುಚ್ಚಿದ. ಎತ್ತು ಏಳಲಿಲ್ಲ. ಬಾಲ ಮುರಿಸಿದ. ಏಳಲಿಲ್ಲ. ಆಮೇಲೆ ಅದರ ಹೊಟ್ಟೆಯಡಿಗೆ ಒಣಹುಲ್ಲು ತುರುಕಿಸಿ ಕಡ್ಡಿ ಗೀರಿದ.

"ಬ್ಯಾಡಿ ಸಾವ್ಕಾರ್ರೆ, ಅರ್ಧ ತೊಲೆ ಇಳಿಸಾನ, ನಾನೇ ಒಬ್ಬನೇ ಇಳಿಸ್ತೀನಿ," ಎಂದು ಜವರಪ್ಪ ಕಾಲು ಹಿಡಿದುಕೊಂಡಿದ್ದ. ಪರಮೇಶಪ್ಪ ಕಾಲು ಕೊಡವಿದ. ಕಾಳ ಎದ್ದಿತು. ಉರಿಯುವ ಹೊಟ್ಟೆಯಲ್ಲೇ ಗಾಡಿ ಎಳೆದು ಏರು ಹತ್ತಿಸಿ, ಮೇಲೆ ಮಟ್ಟಸವಾದ ಜಾಗದಲ್ಲಿ ಬಿದ್ದು ಸತ್ತಿತು. ದಾರಿಹೋಕರು ನಾಲ್ಕಾರು ಮಂದಿ ಎಲೆಯಡಿಕೆ ಜಗಿಯುತ್ತ ನಿಂತು ನೋಡಿದರು. ಮರುಳಸಿದ್ದಪ್ಪನೂ ಚೀಲ ಹಿಡಿದುಕೊಂಡು ನಿಂತು ನೋಡಿದ.

ತಾನೂ ನಿಂತು ನೋಡಿದೆ ಎಂಬುದೇ ಅವನನ್ನು ತಿಂದದ್ದು. ಮನೆಗೆ ಬಂದವನು ಕೈಕಾಲೂ ತೊಳೆಯದೆ ಹಲಗೆ ಹಿಡಿದು ಕೂತ. ಈ ಸಲ ನಗೆಯ ಚಿತ್ರವಲ್ಲ. ಬಿದ್ದ ಎತ್ತು, ಅದರಡಿಗೆ ಬೆಂಕಿ, ಕೋಲೆತ್ತಿದ ಒಬ್ಬ ಗಂಡಸು. ಸುತ್ತ ನಿಂತು ನೋಡುವವರಿಗೆಲ್ಲ ಕುರಿಯ ತಲೆ, ಬಾಯಲ್ಲಿ ಎಲೆಯಡಿಕೆ. ಒಂದು ಕುರಿಗೆ ಕನ್ನಡಕವಿತ್ತು. ಅದು ತಾನು ಎಂದು ಹೆಂಡತಿಗೆ ತೋರಿಸಿದ್ದ. ಕೋಲೆತ್ತಿದವನಿಗೆ ಮಾತ್ರ ಪರಮೇಶಪ್ಪನ ಮುಖ ಕೊಡಲು ಧೈರ್ಯ ಬರಲಿಲ್ಲ. ಇರುವುದು ಅವನ ಮನೆಯಲ್ಲಿ. ಮುಖ ರುಮಾಲಿನ ನೆರಳಿಗೆ ಹೋಯಿತು, ಕಡಗ ಬಿಟ್ಟುಹೋಯಿತು.

ಮರದಲ್ಲಿ ಕೆತ್ತಿದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಕ್ಷರಗಳನ್ನು ಅವನು ಕಣ್ಣು ಮುಚ್ಚಿಕೊಂಡೂ ತಿರುಗಿಸಿ ಕೆತ್ತುತ್ತಿದ್ದ. ಆ ದಿನ ಸಿಟ್ಟಿನ ಭರದಲ್ಲಿ ಕಂಡದ್ದನ್ನು ಕಂಡಹಾಗೆ ನೇರವಾಗಿ ಕೆತ್ತಿಬಿಟ್ಟಿದ್ದ. ವಿಶಾಲಾಕ್ಷಮ್ಮ ಮೊದಲ ಹಾಳೆ ಎತ್ತಿದವಳೇ ಕಂಡಳು.

"ಏನೂಂದ್ರೆ, ಕೋಲು ಎಡಗೈಗೆ ಬಂದಿದೆಯಲ್ಲ."

ಹೊಸದು ಕೆತ್ತುವುದಾದರೆ ಸಂತೆ ತಪ್ಪುತ್ತಿತ್ತು. "ಬರ್ಲಿ ಬಿಡು. ಕೈ ಯಾವುದಾದ್ರೇನು, ಮಾಡಿದ ಕೆಲಸ ಅದೇ ತಾನೆ?" ಎಂದ ಅವನು. ಅವಳೂ ಸುಮ್ಮನಾಗಿ ಉಳಿದ ಹಾಳೆಗಳನ್ನು ತಿಕ್ಕಿದಳು.

ಇಡೀ ಸಂತೆಗೆ ಎಡಗೈಯಲ್ಲಿ ಬಾರುಕೋಲು ಹಿಡಿಯುವ ಗಾಡಿಯವನು ಒಬ್ಬನೇ. ಸತ್ತ ಎತ್ತೂ ಅವನದೇ. ಮಧ್ಯಾಹ್ನದೊಳಗೆ ಅವನಿಗೆ ಬೆಂಕಿ ಜವರಪ್ಪ ಎಂಬ ಹೆಸರು ಬಿತ್ತು. ಏರಿನಲ್ಲಿ ಕಣ್ಣಾರೆ ಕಂಡವರು ಇದ್ದರು, ಆದರೆ ಅವರಲ್ಲಿ ಪರಮೇಶಪ್ಪನ ಹಂಗಿಲ್ಲದವರು ಒಬ್ಬರೂ ಇರಲಿಲ್ಲ. ಅಚ್ಚು ಕೆತ್ತಿದವನೂ ಬಾಯಿ ಬಿಡಲಿಲ್ಲ. ಎತ್ತು ಸುಟ್ಟವನಿಗೆ ಬಾಡಿಗೆ ಕೊಡುವವರಿಲ್ಲ, ಇನ್ನೊಂದು ಎತ್ತು ಮಾರುವವರಿಲ್ಲ. ಜವರಪ್ಪ ಗಾಡಿ ಮಾರಿ, ಹೆಂಡತಿ ಸಿದ್ದಿಯನ್ನು ಕರೆದುಕೊಂಡು ಸಿದ್ದಾಪುರದ ಕಡೆ ಒಂದು ಎಸ್ಟೇಟಿನ ಕೂಲಿ ಲೈನಿಗೆ ಸೇರಿದ.

* * *

ವಿಮಾನ ಸಂತೆಬೀದಿಯಲ್ಲೇ ಹೋಯಿತು. ಬೇರೆ ದಾರಿ ಇರಲಿಲ್ಲ. ಬಾಳೆದಿಂಡಿನ ನಡುವೆ ಮರುಳಸಿದ್ದಪ್ಪ ವಿಭೂತಿ ಧರಿಸಿ, ಮಸಿಬೆರಳನ್ನು ಎದೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಕಾಲಬುಡದಲ್ಲಿ ಚೆಂಡುಹೂವಿನ ಹಾರ ಹಾಕಿಸಿಕೊಂಡ ಅಚ್ಚು, ಮುಖ ಮುಂದಕ್ಕೆ ಮಾಡಿ. ಪರಮೇಶಪ್ಪ ವಿಮಾನದ ಮುಂದಿನ ಬೊಂಬಿಗೆ ಹೆಗಲು ಕೊಟ್ಟಿದ್ದ. ಚಳಿಗಾಲದ ಮಂಜು ಇನ್ನೂ ಬಿಟ್ಟಿರಲಿಲ್ಲ.

ವ್ಯಾಪಾರದವರು ಎದ್ದು ನಿಂತು ಕೈಮುಗಿದರು. ಕೋಳಿ ಮಾರುವವನೊಬ್ಬ ಕೈಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಕೋಳಿಗಳನ್ನು ಅವಸರದಿಂದ ಮೇಲೆತ್ತಿ ಎದೆಗವಚಿಕೊಂಡ. ವಿಮಾನ ದಾಟಿದ ಮೇಲೆ ಮತ್ತೆ ಇಳಿಬಿಟ್ಟ. ವಿಶಾಲಾಕ್ಷಮ್ಮ ಅದನ್ನು ಕಂಡಳು. ಗಂಡ ಇದ್ದಿದ್ದರೆ ಇವತ್ತೇ ಇದನ್ನು ಕೆತ್ತುತ್ತಿದ್ದ ಎಂದುಕೊಂಡಾಗ ಬೆಳಗಿನಿಂದ ಬರದ ಅಳು ಬಂತು.

ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ, ಸಂತೆಗೋಡೆಯ ಮುಂದೆ, ಜವರಪ್ಪ ನಿಂತಿದ್ದ.

ಸಾವಿನ ಸುದ್ದಿ ಕೇಳಿ ಬಂದವನಲ್ಲ ಅವನು. ಶನಿವಾರ ಬಾ ಎಂದಿದ್ದಕ್ಕೆ ಬಂದವನು, ಬೆಳಗಿನ ಬಸ್ಸಿಳಿದು ನೇರವಾಗಿ ಗೋಡೆಯ ಹತ್ತಿರ ಬಂದು ಕಾದಿದ್ದ. ಒಗೆದ ಅಂಗಿ ಹಾಕಿದ್ದ. ಅವನ ಕಣ್ಣು ಹೆಣದ ಮೇಲಿರಲಿಲ್ಲ, ಅಚ್ಚಿನ ಮೇಲಿತ್ತು. ಅದರ ಎಡಗೈಯನ್ನು ನೋಡಿದ, ಅದರ ಕೊರಳಿನ ಹಾರವನ್ನು ನೋಡಿದ. ಮುಖ ಸುಣ್ಣದ ಹಾಗಾಯಿತು.

"ಬೆಂಕಿ ಜವರಪ್ಪ ಬಂದವ್ನೆ ಕಣ್ರೋ," ಎಂದರು ಯಾರೋ.

"ಬರ್ಲಿ ಬಿಡ್ರಪ್ಪ," ಎಂದ ಪರಮೇಶಪ್ಪ, ಹೆಗಲ ಭಾರದಲ್ಲೇ ತಿರುಗಿ. "ಸತ್ತೋರ ಮುಂದೆ ಯಾರ ಮೇಲೂ ಹಗೆ ಸಾಧಿಸ್ಬಾರ್ದು."

ಜವರಪ್ಪ ಹೆಂಗಸರ ಗುಂಪಿನ ಪಕ್ಕಕ್ಕೆ ಬಂದು ನಡೆಯತೊಡಗಿದ. "ಅಮ್ಮಾರೆ," ಎಂದ ಮೆಲ್ಲಗೆ. "ಇದ್ನ ನೋಡಾಕೇ ಅಪ್ಪಾರು ನನ್ನ ಬಾ ಅಂದಿದ್ದು? ನನ್ನ ಕಣ್ಮುಂದೇನೇ ಒಲೆಗೆ ಹಾಕಿದ್ರಲ್ಲ. ಇನ್ನೊಂದ ಮಾಡಿ ಮಡಗಿದ್ರಾ?"

"ಇಲ್ಲಪ್ಪ."

"ಮತ್ತೆ ಇದೇನು? ನನ್ನ ಕೈಯೇ ಅಲ್ವಾ ಅದು?"

ಮುಂದೆ ಪರಮೇಶಪ್ಪನ ಬೆನ್ನು ಕಾಣುತ್ತಿತ್ತು. ಇಲ್ಲೇ ಬಾಯಿಬಿಟ್ಟರೆ ಯಾರು ನಂಬುತ್ತಾರೆ? ಮರ ನೋಡಿದರೆ ಕಣ್ಣಿಗೆ ಕಾಣುವುದು ಎಡಗೈಯೇ. ಹೆಣದ ಹಿಂದೆ ನಡೆಯುವ ಮುದುಕಿ ದುಃಖಕ್ಕೆ ಏನೋ ಒದರುತ್ತಾಳೆ ಎನ್ನುತ್ತಾರೆ. ಅಚ್ಚು ಮಣ್ಣಿಗೆ ಹೋಗುತ್ತದೆ, ಅದರ ಜೊತೆಗೆ ಇವನ ಮಾನವೂ.

"ಹೋಗ್ಬೇಡ ಜವರಪ್ಪ. ರುದ್ರಭೂಮಿವರೆಗೆ ಬಾ."

"ಯಾಕಮ್ಮಾರೆ, ಇನ್ನೊಂದ್ಸಲ ನಗಿಸ್ಕಳಾಕಾ?"

"ನನ್ನ ಮಾತಿಗೆ ಬಾ. ಇಷ್ಟು ದೂರ ಬಂದಿದೀಯ."

ಅವನು ಹೆಜ್ಜೆ ನಿಧಾನ ಮಾಡಿ ಹಿಂದೆ ಬಿದ್ದ. ಬಂದನೋ ಹೋದನೋ ಎಂದು ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

* * *

ಹೋದ ತಿಂಗಳು ಜವರಪ್ಪ ಅಂಗಳಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕೂತಾಗ ಮರುಳಸಿದ್ದಪ್ಪ ಬೈಗುಳಕ್ಕೆ ತಲೆ ಒಡ್ಡಿ ನಿಂತಿದ್ದ. ಜವರಪ್ಪ ಬೈಯಲಿಲ್ಲ.

"ಕಾಳನಿಗೆ ಮುರ್ದಿದ್ದು ಎಡಗೊಂಬು ಅಪ್ಪಾರೆ," ಎಂದ. "ಕರುವಾಗಿದ್ದಾಗ ಬಾವಿಕಟ್ಟೆಗೆ ಗುದ್ದಿ ಮುರ್ಕಂಡಿತ್ತು. ನಿಮ್ ಚಿತ್ರದಾಗೆ ಬಲಗೊಂಬು ಮುರ್ದೈತೆ."

ಮರುಳಸಿದ್ದಪ್ಪ ಜಗಲಿಯ ಕಂಬ ಹಿಡಿದುಕೊಂಡ.

"ಆ ಹಾಳೆ ಒಂದ ಮಡಿಸಿ ಇಟ್ಕಂಡಿದ್ದೆ. ಲೈನಿನಲ್ಲಿ ಕೂತು ದಿನಾ ನೋಡ್ತಿದ್ದೆ. ಕೊಂಬೂ ತಿರುಗೈತೆ, ಕೈಯೂ ತಿರುಗೈತೆ. ನೀವು ನನ್ನ ಕಂಡು ಬರೀಲಿಲ್ಲ, ಅವರನ್ನ ಕಂಡೇ ಬರ್ದಿದೀರ. ಅಲ್ವಾ?"

"ಹೌದು."

"ಊರೋರು ಅಂದ್ಕಂಡ್ರೆ ಅಂದ್ಕಳ್ಳಲಿ. ಸಿದ್ದಿ ಒಂದಿನ ಊಟಕ್ಕೆ ಇಕ್ಕಿ ಕೇಳಿದ್ಲು, ನಿಜ ಹೇಳು, ನೀನೇ ಹಚ್ಚಿದ್ಯಾ ಅಂತ. ಕಾಳನ್ನ ಅವಳೇ ಕಲಗಚ್ಚು ಕುಡಿಸಿ ಸಾಕಿದ್ದು ಅಪ್ಪಾರೆ. ಅವಳಿಗೆ ನಾನು ಏನಂತ ಹೇಳ್ಲಿ?"

ಮರುಳಸಿದ್ದಪ್ಪ ಅಟ್ಟದಿಂದ ಹಳೆಯ ಅಚ್ಚು ಇಳಿಸಿ ತಂದು ಬಚ್ಚಲೊಲೆಗೆ ತಳ್ಳಿದ. ಶಿವನೆ ಮರ ಬೇಗ ಹತ್ತಿಕೊಂಡಿತು. ಮೂವರೂ ನೋಡುತ್ತ ನಿಂತರು.

"ಮರ ಸುಟ್ರೆ ಆಯ್ತಾ? ಜನದ ಬಾಯಲ್ಲಿರೋದು?"

"ಹೊಸದು ಕೆತ್ತುತೀನಿ," ಎಂದ ಮರುಳಸಿದ್ದಪ್ಪ. "ಈ ಸಲ ಕಡಗ ಸಮೇತ. ಮುಂದಿನ ತಿಂಗಳ ಮೊದಲ ಶನಿವಾರ ಬಾ. ಗೋಡೆ ಮುಂದೆ ನಿಂತು ನಾನೇ ಬಾಯಿಬಿಟ್ಟು ಹೇಳ್ತೀನಿ, ತಪ್ಪು ನನ್ನದು ಅಂತ."

ಜವರಪ್ಪ ಹೋದ ಮೇಲೆ ವಿಶಾಲಾಕ್ಷಮ್ಮ ಕೇಳಿದ್ದು ಒಂದೇ. "ಮನೆ?"

"ಗೊತ್ತು," ಎಂದಿದ್ದ ಅವನು.

ಆಮೇಲೆ ಕೆಲವು ದಿನ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಈ ವಯಸ್ಸಿನಲ್ಲಿ ಬೀದಿಗೆ ಬೀಳಿಸುತ್ತಾನಲ್ಲ ಎಂಬ ಸಿಟ್ಟು. ಅವನ ಉಳಿ ಜಾರುತ್ತಿತ್ತು. ಈ ಸಲ ತಪ್ಪಬಾರದೆಂದು ಮಂತ್ರದ ಹಾಗೆ ಗೊಣಗುತ್ತ ಕೆತ್ತುತ್ತಿದ್ದ: "ಮರದ ಮೇಲೆ ಎಡಗೈ, ಕಾಗದದ ಮೇಲೆ ಬಲಗೈ. ಮರದ ಮೇಲೆ ಎಡಗೈ, ಕಾಗದದ ಮೇಲೆ ಬಲಗೈ." ಒಂದು ಸಂಜೆ ಅವಳೇ ಸೋತು, ಅವನ ಕೈ ಕೆಳಗೆ ದೀಪ ತಂದಿಟ್ಟಳು.

* * *

ರುದ್ರಭೂಮಿಯಲ್ಲಿ ಗುಣಿ ತೋಡಿ ಮೆಟ್ಟಿಲು ಕಡಿದಿಟ್ಟಿದ್ದರು. ಒಂದು ಪಕ್ಕಕ್ಕೆ ಉಪ್ಪಿನ ಚೀಲ, ವಿಭೂತಿಯ ಗಟ್ಟಿಗಳು, ಬುಟ್ಟಿಯಲ್ಲಿ ಬಿಲ್ವಪತ್ರೆ. ವಿಮಾನವನ್ನು ಗುಣಿಯ ಮುಂದೆ ಇಳಿಸಿದರು. ಮಠದಿಂದ ಬಂದಿದ್ದ ಅಯ್ಯನವರು ಪೂಜೆ ಮುಗಿಸಿ, ಪದ್ಧತಿಯಂತೆ ಸತ್ತವನ ತಲೆಗೆ ಪಾದ ಮುಟ್ಟಿಸಿ ಹಿಂದೆ ಸರಿದರು. ಇನ್ನು ಬಂದವರೆಲ್ಲ ಒಬ್ಬೊಬ್ಬರಾಗಿ ಮಡಿಲಿಗೆ ಪತ್ರೆ ಇಟ್ಟರೆ, ದೇಹ ಗುಣಿಗೆ ಇಳಿಯುವುದು.

"ಮೊದಲು ಆ ಅಚ್ಚು ಇಟ್ಬಿಡೋಣ," ಎಂದು ಪರಮೇಶಪ್ಪ ಬಗ್ಗಿದ.

"ನಾನು ಇಡ್ತೀನಿ," ಎಂದಳು ವಿಶಾಲಾಕ್ಷಮ್ಮ.

ಎಲ್ಲರೂ ಅವಳ ಕಡೆ ನೋಡಿದರು. ಬೆಳಗಿನಿಂದ ಅವಳು ಆಡಿದ ಮೊದಲ ಗಟ್ಟಿ ಮಾತು ಅದು. ಪರಮೇಶಪ್ಪ ಎರಡು ಹೆಜ್ಜೆ ಹಿಂದೆ ನಿಂತ. "ಇಡಿ ತಾಯಿ. ಗಂಡನ ಕೆಲಸ ಹೆಂಡತಿ ಕೈಯಿಂದಲೇ ಹೋಗ್ಲಿ."

ಅವಳು ಹಾರ ಕಿತ್ತು ಪಕ್ಕಕ್ಕಿಟ್ಟಳು. ಹಲಗೆಯ ಮೂಲೆಗೆ ಬೆರಳ ತುದಿ ತಾಗಿಸಿ ನೋಡಿದಳು. ಅಂಟುತ್ತಿತ್ತು. ಅಗಸೆ ಎಣ್ಣೆ ಬೆರೆಸಿದ ಮಸಿ, ಈ ಚಳಿಯಲ್ಲಿ ನಾಳೆಯವರೆಗೂ ಒಣಗುವಂತಿರಲಿಲ್ಲ. ಸತ್ತವನ ಮಡಿಲಿನ ಮೇಲೆ ಪರಮೇಶಪ್ಪನೇ ತಂದ ಹೊಸ ಬಿಳಿ ಪಂಚೆ ಮೊಣಕಾಲಿನಿಂದ ಮೊಣಕಾಲಿಗೆ ಬಿಗಿದುಕೊಂಡಿತ್ತು. ಅವಳು ಅದರ ಸುಕ್ಕು ತೆಗೆದಳು. ಕೆಳಗಿನ ತೊಡೆ ಕೆಲಸದ ಮಣೆಯಷ್ಟೇ ಗಟ್ಟಿಯಾಗಿತ್ತು.

ಮನೆ ನೆನಪಾಯಿತು. ಹಿತ್ತಲಿನ ಬಾವಿ, ಬಚ್ಚಲೊಲೆ, ಒಳಗಿನ ಕತ್ತಲೆ ಕೋಣೆ ಎಲ್ಲ ಕಣ್ಣ ಮುಂದೆ ಬಂದವು. ಕೋಲು ಎಡಗೈಗೆ ಬಂದದ್ದನ್ನು ಮೊದಲು ಕಂಡವಳು ತಾನೇ. ಕಂಡೂ ಉಳಿದ ಹಾಳೆಗಳನ್ನು ತಿಕ್ಕಿದವಳೂ ತಾನೇ.

ಅಚ್ಚನ್ನು ಮಗುಚಿ ಮಡಿಲಿಗೆ ಇಟ್ಟಳು.

"ಮುಖ ಮೇಲೆ ಬರ್ಲಿ ತಾಯಿ," ಎಂದ ಪರಮೇಶಪ್ಪ. "ಜನ ನೋಡ್ಲಿ."

"ನೋಡ್ತಾರೆ," ಎಂದಳು.

ಅಂಗೈ ಊರಿ ಮೈಭಾರ ಬಿಟ್ಟಳು. ಮುಷ್ಟಿ ಕಟ್ಟಿ ಮೂಲೆಯಿಂದ ಮೂಲೆಗೆ ಗುದ್ದುತ್ತ ಬಂದಳು. ಒಮ್ಮೆ ಗುದ್ದಿದ ಕಡೆ ಇನ್ನೊಮ್ಮೆ ಗುದ್ದಿದಳು. ಹೆಂಗಸರಲ್ಲಿ ಅಳು ಎದ್ದಿತು. "ಹೊಟ್ಟೆಸಂಕಟ ಪಾಪ, ತಡೀಲಾರ್ದೆ ಗುದ್ತಾಳೆ," ಎಂದು ಮಹಾದೇವಮ್ಮ ಹಿಡಿದುಕೊಳ್ಳಲು ಬಂದಳು. ವಿಶಾಲಾಕ್ಷಮ್ಮ ಮೊಣಕೈಯಿಂದಲೇ ಅವಳನ್ನು ತಡೆದಳು. ಆಮೇಲೆ ಹಲಗೆಯ ಒಂದು ತುದಿಗೆ ಉಗುರು ಕೊಟ್ಟು, ಪಂಚೆ ಎದ್ದು ಬರದಂತೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು, ಮೆಲ್ಲಗೆ ಎತ್ತಿದಳು.

ಚಿತ್ರ ಸತ್ತವನ ಮಡಿಲ ಮೇಲೆ ಕೂತಿತ್ತು. ನಡುವೆ ಒಂದು ಕಡೆ ಮಸಿ ಸರಿಯಾಗಿ ಹತ್ತಿರಲಿಲ್ಲ. ಉಳಿದದ್ದೆಲ್ಲ ಚೊಕ್ಕವಾಗಿ ಬಿದ್ದಿತ್ತು. ಬಿದ್ದ ಎತ್ತು. ಬೆಂಕಿ. ಬಲಗೈಯಲ್ಲಿ ಎತ್ತಿದ ಕೋಲು. ಬಲ ಮಣಿಕಟ್ಟಿನಲ್ಲಿ ದಪ್ಪ ಕಡಗ. ಕೋಲೆತ್ತಿದವನ ಕಾಲು ಹಿಡಿದುಕೊಂಡು ಒಬ್ಬ ಗಾಡಿಯವನು ಬಿದ್ದಿದ್ದ. ಅವನನ್ನೂ ಗಂಡ ಕೆತ್ತಿದ್ದನೆಂದು ವಿಶಾಲಾಕ್ಷಮ್ಮನಿಗೆ ಈಗಲೇ ಗೊತ್ತಾದದ್ದು. ಸುತ್ತ ಕುರಿಗಳು ಎಲೆಯಡಿಕೆ ಜಗಿಯುತ್ತಿದ್ದವು. ಕನ್ನಡಕದ ಕುರಿಯೂ ಅಲ್ಲೇ ಇತ್ತು.

"ಇದೇ ಅವರು ಕೊನೇಲಿ ಕೆತ್ತಿದ್ದು," ಎಂದಳು ಅವಳು. "ಹಿಂದಿನದು ತಪ್ಪಾಗಿ ಬಿದ್ದಿತ್ತು. ಅದನ್ನ ಹೇಳೋಕೆ ಇವತ್ತು ಸಂತೆಗೆ ಬರೋರಿದ್ರು."

ಮುದುಕನೊಬ್ಬ ಹತ್ತಿರ ಬಗ್ಗಿ ನೋಡಿ, "ಕಡಗ," ಎಂದ, ತನಗೆ ತಾನೇ ಹೇಳಿಕೊಂಡಂತೆ. ಹಿಂದಿನ ಸಾಲಿನವರು ಮುಂದಕ್ಕೆ ನುಗ್ಗಿದರು.

ಅಯ್ಯನವರು ಕೆಮ್ಮಿ, "ಪತ್ರೆ ಇಡಿ. ಸಾವ್ಕಾರ್ರೆ, ಮೊದಲು ನೀವು ಬನ್ನಿ," ಎಂದರು.

"ಎಲ್ಲಾರ್ದೂ ಆಗ್ಲಿ," ಎಂದ ಪರಮೇಶಪ್ಪ. "ನಾನು ಆಮೇಲೆ."

ಸಾಲು ಹೊರಟಿತು. ಬಂದವರು ಮಡಿಲನ್ನು ನೋಡುತ್ತಿದ್ದರು, ನೋಡಿ ಪತ್ರೆಯನ್ನು ಚಿತ್ರದ ಹೊರಗೆ, ಪಂಚೆಯ ಅಂಚಿನಲ್ಲಿ ಇಡುತ್ತಿದ್ದರು. ಯಾರು ಹೇಳಿಕೊಟ್ಟದ್ದೂ ಅಲ್ಲ, ಒಬ್ಬರೂ ಅದನ್ನು ಮುಚ್ಚಲಿಲ್ಲ. ಏರಿನಲ್ಲಿ ಆ ದಿನ ನಿಂತಿದ್ದವರೂ ಆ ಸಾಲಿನಲ್ಲಿದ್ದರು. ಅವರು ಬೇಗ ಬೇಗ ಇಟ್ಟು ದಾಟಿದರು.

ಕೊನೆಗೆ ಜವರಪ್ಪ ಬಂದ. ಅಷ್ಟು ಹೊತ್ತೂ ಬೇಲಿಯ ಹತ್ತಿರ ನಿಂತಿದ್ದನಂತೆ. ಅವನು ಕೋಲನ್ನೂ ನೋಡಲಿಲ್ಲ, ಕಡಗವನ್ನೂ ನೋಡಲಿಲ್ಲ. ಬಗ್ಗಿ ಎತ್ತಿನ ತಲೆಯನ್ನು ನೋಡಿದ.

"ಎಡಗೊಂಬು," ಎಂದ. "ಕಾಳನೇ ಅಮ್ಮಾರೆ. ನಮ್ಮ ಕಾಳನೇ."

ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳಲಿಲ್ಲ. ಎಡಗೈಯಲ್ಲಿದ್ದ ಪತ್ರೆಯನ್ನು, ಚಿಕ್ಕಂದಿನಿಂದ ಬೈಸಿಕೊಂಡು ಕಲಿತ ಹಾಗೆ, ಬಲಗೈಗೆ ದಾಟಿಸಿಕೊಂಡು ಸತ್ತವನ ಮಡಿಲಲ್ಲಿ ಇಟ್ಟ. ಇಟ್ಟು, ಗುಣಿಯ ಅಂಚಿಗೆ ಸರಿದು ನಿಂತ. ಪಕ್ಕದಲ್ಲಿದ್ದವರು ಅವನಿಗೆ ಜಾಗ ಬಿಟ್ಟರು.

ಇನ್ನು ಉಳಿದವನು ಪರಮೇಶಪ್ಪ ಒಬ್ಬನೇ. ಬುಟ್ಟಿಯಿಂದ ಪತ್ರೆ ತೆಗೆದುಕೊಂಡು ಮುಂದೆ ಬಂದ. ಬಗ್ಗಿ ಬಲಗೈ ಚಾಚಿದ. ಕಡಗ ಮುಂಗೈಯಿಂದ ಮಣಿಕಟ್ಟಿಗೆ ಜಾರಿತು. ಸುತ್ತ ನಿಂತವರು ಯಾರೂ ಅವನ ಮುಖ ನೋಡುತ್ತಿರಲಿಲ್ಲ.

ಚಾಚಿದ ಕೈ ಅರ್ಧದಲ್ಲೇ ನಿಂತಿತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡು ಶಲ್ಯದೊಳಗೆ ಸೇರಿಸಿದ. ಪತ್ರೆ ಎಡಗೈಗೆ ಬಂದಿತ್ತು. ಆ ಎಡಗೈಯಿಂದಲೇ ಅದನ್ನು ಹೆಣದ ಮಡಿಲಲ್ಲಿ ಇಟ್ಟ.